ಮನೆಗಳೆಲ್ಲ ತುಂಬಿದ ಮೇಲೆ ಉಳಿಯುವ ಉತ್ತರ

ಪದಬಂಧ ಎಂಬ ಮಾತಿನಲ್ಲಿರುವ ‘ಬಂಧ’ ಎಂಬ ಶಬ್ದ ಪತ್ರಿಕೆಗಳ ಜೊತೆಯಲ್ಲಿ ಹುಟ್ಟಿದ್ದಲ್ಲ. ಅಕ್ಷರಗಳನ್ನು ಚಕ್ರ, ಪದ್ಮ, ಗೋಮೂತ್ರಿಕೆ ಮುಂತಾದ ಆಕಾರಗಳಲ್ಲಿ ಕೂರಿಸಿ, ಓದುವ ದಾರಿ ಬದಲಾದರೂ ಅರ್ಥ ಕೆಡದಂತೆ ಪದ್ಯ ಕಟ್ಟುವ ವಿದ್ಯೆಯನ್ನು ಹಳೆಯ ಅಲಂಕಾರಶಾಸ್ತ್ರ ಚಿತ್ರಕಾವ್ಯವೆಂದು ಕರೆಯಿತು. ಅಂಥ ಒಂದೊಂದು ಆಕಾರಕ್ಕೂ ಬಂಧವೆಂಬ ಹೆಸರಿತ್ತು. ಭಾರವಿಯ ‘ಕಿರಾತಾರ್ಜುನೀಯ’ದ 15ನೆಯ ಸರ್ಗದಲ್ಲಿ ಬರುವ ಸರ್ವತೋಭದ್ರವನ್ನು ಚೌಕದ ಮನೆಗಳಲ್ಲಿ ಬರೆದುಕೊಂಡರೆ ಎಡದಿಂದಲೂ ಬಲದಿಂದಲೂ ಮೇಲಿನಿಂದಲೂ ಕೆಳಗಿನಿಂದಲೂ ಅದೇ ಪದ್ಯ ಸಿಗುತ್ತದೆ. ಕುಮುದೇಂದುವಿನದೆನ್ನಲಾದ ‘ಸಿರಿಭೂವಲಯ’ದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, 27 ಸಾಲು ಮತ್ತು 27 ಕಂಬಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಿ, ಯಾವ ದಾರಿಯಲ್ಲಿ ನಡೆದರೆ ಅವು ಅಕ್ಷರಗಳಾಗಿ ಓದಿಸಿಕೊಳ್ಳುತ್ತವೆ ಎಂಬುದನ್ನು ಬಂಧಗಳ ಮೂಲಕವೇ ಹೇಳುವ ಕ್ರಮ ಅದರಲ್ಲಿದೆ. ಚೌಕದೊಳಗೆ ಕಾಣುವುದು ಒಂದು, ಸರಿಯಾದ ದಾರಿ ಹಿಡಿದವರಿಗೆ ದಕ್ಕುವುದು ಮತ್ತೊಂದು ಎಂಬ ಕಲ್ಪನೆ, ಹಾಗಾಗಿ, ಕನ್ನಡದ ಓದುಗರಿಗೆ ಪರಕೀಯವಲ್ಲ.

ಇಂದಿನ ಪದಬಂಧದ ವಂಶಾವಳಿ ಬೇರೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ಆರ್ಥರ್ ವಿನ್ ಎಂಬಾತ ವಜ್ರಾಕೃತಿಯ ಒಂದು ಚೌಕಟ್ಟನ್ನು ಪ್ರಕಟಿಸಿದ ದಿನದಿಂದ ಅದು ಲೆಕ್ಕಕ್ಕೆ ಸಿಗುತ್ತದೆ. ಇಂಗ್ಲೆಂಡಿನ ‘ದಿ ಲಿಸನರ್’ ವಾರಪತ್ರಿಕೆ 1930ರಲ್ಲಿ ಆರಂಭಿಸಿದ ಪದಬಂಧ, ಎಲ್ಲ ಮನೆಗಳು ತುಂಬಿದ ಮೇಲೂ ಬಿಡಿಸುವವರಿಂದ ಇನ್ನೊಂದು ಕೆಲಸವನ್ನು ಬಯಸುವ ಪದ್ಧತಿಗೆ ಹೆಸರಾಯಿತು. ಆ ಪತ್ರಿಕೆ ನಿಂತುಹೋದ ನಂತರ 1991ರಿಂದ ಅದೇ ಪದಬಂಧ ‘ದಿ ಟೈಮ್ಸ್’ನಲ್ಲಿ ಮುಂದುವರಿಯಿತು. ಅಮೆರಿಕದಲ್ಲಿ ಮ್ಯಾಟ್ ಗ್ಯಾಫ್ನಿ 2008ರಲ್ಲಿ ವಾರಕ್ಕೊಂದರಂತೆ ಇಂಥ ಸ್ಪರ್ಧೆಯನ್ನು ಶುರುಮಾಡಿದರು, 2015ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪ್ರತಿ ಶುಕ್ರವಾರದ ಪದಬಂಧವನ್ನು ಈ ಬಗೆಗೇ ಮೀಸಲಿಟ್ಟಿತು. ಅಲ್ಲಿ ಇದನ್ನು ‘ಮೆಟಾ’ ಎನ್ನುತ್ತಾರೆ. ಆಚೆಯದು, ಮೀರಿದ್ದು ಎಂಬ ಅರ್ಥ ಕೊಡುವ ಗ್ರೀಕ್ ಮೂಲದ ಮಾತು ಅದು. ಸುಳಿವುಗಳಿಗೆಲ್ಲ ಉತ್ತರ ಬರೆದು ಮುಗಿಸಿದಾಗ ಒಂದು ಹಂತ ಮುಗಿಯುತ್ತದೆ; ತುಂಬಿದ ಚೌಕಟ್ಟಿನೊಳಗೆ ರಚನಕಾರ ಅಡಗಿಸಿಟ್ಟ ಒಂದು ಪದ, ಹೆಸರು ಅಥವಾ ನುಡಿಗಟ್ಟನ್ನು ಹೆಕ್ಕಿ ತೆಗೆದು ಕಳುಹಿಸಿದವರು ಮಾತ್ರ ಸ್ಪರ್ಧೆಗೆ ಅರ್ಹರಾಗುತ್ತಾರೆ. ಆ ಪದವನ್ನು ಈ ಬರಹದಲ್ಲಿ ಕಡೆಯುತ್ತರ ಎಂದು ಕರೆಯಲಾಗಿದೆ.

ಕಡೆಯುತ್ತರ ಎಂಬುದನ್ನು ಅರ್ಥಮಾಡಿಕೊಳ್ಳಬೇಕಾದರೆ ಅದಕ್ಕೆ ತದ್ವಿರುದ್ಧವಾದ ಒಂದು ಬಗೆಯನ್ನು ಮೊದಲು ನೋಡುವುದು ಉಪಯುಕ್ತ, ಮತ್ತು ಆ ಬಗೆಗೆ ಕರ್ನಾಟಕದ ನೆಲದಲ್ಲೇ ಪ್ರಸಿದ್ಧ ನಿದರ್ಶನವಿದೆ. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಪ್ರವೇಶಧನ ಪಡೆದು ದೊಡ್ಡ ಮೊತ್ತದ ಬಹುಮಾನ ಕೊಡುವ ಪದಬಂಧ ಸ್ಪರ್ಧೆಗಳು ದೇಶದ ತುಂಬ ಹಬ್ಬಿದ್ದವು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಅಂಥ ಸ್ಪರ್ಧೆಗಳನ್ನು ನಡೆಸುತ್ತಿತ್ತು; ಮುಂಬಯಿ ರಾಜ್ಯದಲ್ಲಿ ಅದಕ್ಕೆ ಹೇರಳ ಪ್ರಸಾರವಿತ್ತು. ಹೊರರಾಜ್ಯದಲ್ಲಿ ಮುದ್ರಣವಾಗುವ ಪತ್ರಿಕೆಗಳ ಸ್ಪರ್ಧೆಗಳನ್ನೂ ತನ್ನ ನಿಯಂತ್ರಣ ಮತ್ತು ತೆರಿಗೆಯ ವ್ಯಾಪ್ತಿಗೆ ತರಲು ಮುಂಬಯಿ ಸರ್ಕಾರ 1952ರಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. ಅಷ್ಟರಲ್ಲಿ ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನು ತಂದು, ತಿಂಗಳಿಗೆ ಒಟ್ಟು 1,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಬಹುಮಾನಗಳನ್ನೂ ಒಂದು ಸ್ಪರ್ಧೆಗೆ 2,000ಕ್ಕಿಂತ ಹೆಚ್ಚು ಪ್ರವೇಶಗಳನ್ನೂ ನಿಷೇಧಿಸಿತು. ಈ ಕಾಯ್ದೆಯನ್ನು ಬಯಸಿ ನಿರ್ಣಯ ಮಾಡಿದ ರಾಜ್ಯಗಳಲ್ಲಿ ಹೈದರಾಬಾದ್ ಕೂಡ ಒಂದು. ಮಸ್ಕಿ, ಸಿಂಧನೂರು, ಲಿಂಗಸುಗೂರು ಆಗ ಆ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಎರಡು ತೀರ್ಪುಗಳನ್ನು ಒಟ್ಟಿಗೆ ಕೊಟ್ಟಿತು. ಗೆಲುವು ಬಹುಮಟ್ಟಿಗೆ ಅದೃಷ್ಟವನ್ನು ಅವಲಂಬಿಸಿದ್ದರೆ ಅದು ಜೂಜು, ಜೂಜಿಗೆ ವ್ಯಾಪಾರದ ಮೂಲಭೂತ ಹಕ್ಕಿನ ರಕ್ಷಣೆ ಇಲ್ಲ. ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ, 1955ರ ಕಾಯ್ದೆಯ ನಿರ್ಬಂಧ ಅದಕ್ಕೆ ತಾಗುವುದಿಲ್ಲ ಎಂಬುದು ಆ ತೀರ್ಪುಗಳ ತಿರುಳು.

ಒಂದೇ ರೀತಿಯ ಚೌಕಟ್ಟು, ಒಂದೇ ರೀತಿಯ ಸುಳಿವು ಇರುವ ಎರಡು ಪದಬಂಧಗಳಲ್ಲಿ ಒಂದು ಜೂಜಾಗಿ ಇನ್ನೊಂದು ವಿದ್ಯೆಯಾಗುವುದು ಹೇಗೆ ಎಂಬುದಕ್ಕೆ ಚಿಕ್ಕ ಉದಾಹರಣೆ ಸಾಕು. ‘ರೈತನಿಗೆ ಇದು ಕೈಕೊಟ್ಟರೆ ವರ್ಷವಿಡೀ ಕಷ್ಟ’ ಎಂಬ ಸುಳಿವಿಗೆ ಎರಡು ಮನೆಗಳಿವೆ, ಎರಡನೆಯ ಮನೆಯಲ್ಲಿ ‘ಳೆ’ ಇದೆ ಎಂದುಕೊಂಡರೆ, ‘ಮಳೆ’ ಎಂದು ಬರೆದವರೂ ಸರಿ, ‘ಬೆಳೆ’ ಎಂದು ಬರೆದವರೂ ಸರಿ. ಕಾಲುವೆಯ ನೀರು ನಂಬಿದ ಸಿಂಧನೂರಿನ ಭತ್ತದ ರೈತ ಒಂದನ್ನು ಹೇಳಿದರೆ ಮಸ್ಕಿಯ ಮಳೆಯಾಶ್ರಿತ ಹೊಲದವ ಇನ್ನೊಂದನ್ನು ಹೇಳಬಹುದು. ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂಬುದನ್ನು ಸುಳಿವೂ ಹೇಳುವುದಿಲ್ಲ, ಚೌಕಟ್ಟೂ ಹೇಳುವುದಿಲ್ಲ. ಸಂಪಾದಕರು ಮೊದಲೇ ತೀರ್ಮಾನಿಸಿ ಇಟ್ಟುಕೊಂಡ ‘ಅಧಿಕೃತ ಉತ್ತರ’ ಮಾತ್ರ ಹೇಳುತ್ತದೆ. ಇಂಥ ಹತ್ತು ಜೋಡಿಗಳನ್ನು ಒಂದೇ ಪದಬಂಧದಲ್ಲಿಟ್ಟರೆ ಹತ್ತನ್ನೂ ಸರಿಯಾಗಿ ಊಹಿಸುವ ಸಾಧ್ಯತೆ 1,024ರಲ್ಲಿ ಒಂದು. ಉತ್ತರವನ್ನು ಲಕೋಟೆಯಲ್ಲಿ ಮುಚ್ಚಿಡುವುದು ಎಂದರೆ ಇದು. ಕಡೆಯುತ್ತರದ ಸ್ಪರ್ಧೆಯಲ್ಲಿ ಉತ್ತರ ಲಕೋಟೆಯಲ್ಲಿರದೆ ಚೌಕಟ್ಟಿನೊಳಗೇ ಇರುತ್ತದೆ. ಪ್ರತಿಯೊಬ್ಬ ಓದುಗನ ಕೈಗೂ ಅದು ಅಚ್ಚಾಗಿಯೇ ಬಂದಿರುತ್ತದೆ. ಕಾಣಲು ಬೇಕಾದ ದಾರಿಯೂ ಅದೇ ಪುಟದಲ್ಲಿರುತ್ತದೆ. ಈ ವ್ಯತ್ಯಾಸ ಇಡೀ ಸ್ಪರ್ಧೆಯ ನೈತಿಕ ತಳಹದಿ, ಮತ್ತು ಇದನ್ನು ಮರೆತ ರಚನಕಾರ ಎಷ್ಟೇ ಚತುರನಾಗಿದ್ದರೂ ಓದುಗನಿಗೆ ಅನ್ಯಾಯ ಮಾಡುತ್ತಾನೆ.

ದಾರಿ ಅದೇ ಪುಟದಲ್ಲಿರುವುದು ಹೇಗೆಂದು ತೋರಿಸಲು ಒಂದು ಮಾದರಿಯನ್ನು ಇಲ್ಲಿ ಕಟ್ಟಬಹುದು. ‘ಮೈ ಮರೆತರೆ ಊರು ಸಿಕ್ಕೀತು’ ಎಂಬುದು ಪದಬಂಧದ ಶೀರ್ಷಿಕೆ ಎಂದಿಟ್ಟುಕೊಳ್ಳಬೇಕು. ಅದರ ಕೆಳಗೆ, ಈ ವಾರದ ಕಡೆಯುತ್ತರ ಕನ್ನಡನಾಡಿನ ಒಂದು ಪ್ರಾಚೀನ ರಾಜಧಾನಿ ಎಂಬ ಒಂದು ಸಾಲು ಇದೆ. ಎಡದಿಂದ ಬಲಕ್ಕೆ ಹೋಗುವ ಮುಖ್ಯ ಪದಗಳು ನಾಲ್ಕು. ‘ಬ್ರಹ್ಮ ಬರೆದನೆಂದು ನಂಬುವ ವಿಧಿ’ ಎಂಬುದಕ್ಕೆ ಐದು ಮನೆಗಳ ‘ಹಣೆಬರಹ’. ‘ವಾಹನವಿಲ್ಲದವರ ಪ್ರಯಾಣ’ ಎಂಬುದಕ್ಕೆ ಐದು ಮನೆಗಳ ‘ಕಾಲುನಡಿಗೆ’. ‘ವೃತ್ತ ಎಳೆಯಲು ಶಾಲಾಮಕ್ಕಳು ಬಳಸುವ ಸಾಧನ’ ಎಂಬುದಕ್ಕೆ ಮೂರು ಮನೆಗಳ ‘ಕೈವಾರ’. ‘ದೇಹದ ಸೊಬಗು’ ಎಂಬುದಕ್ಕೆ ಮೂರು ಮನೆಗಳ ‘ಮೈಸಿರಿ’. ಇಲ್ಲಿಗೆ ಸಾಮಾನ್ಯ ಪದಬಂಧ ಮುಗಿಯಿತು. ಇನ್ನು ಶೀರ್ಷಿಕೆಯನ್ನು ಮತ್ತೆ ಓದಬೇಕು. ನಾಲ್ಕೂ ಪದಗಳ ಆರಂಭದಲ್ಲಿ ಹಣೆ, ಕಾಲು, ಕೈ, ಮೈ ಎಂಬ ದೇಹದ ಹೆಸರುಗಳಿವೆ; ಅವನ್ನು ‘ಮರೆತರೆ’, ಅಂದರೆ ಬಿಟ್ಟರೆ, ಬರಹ, ನಡಿಗೆ, ವಾರ, ಸಿರಿ ಎಂಬ ನಾಲ್ಕು ಪೂರ್ಣ ಪದಗಳು ಉಳಿಯುತ್ತವೆ; ಅವುಗಳ ಮೊದಲ ಅಕ್ಷರಗಳನ್ನು ಕ್ರಮವಾಗಿ ಕೂಡಿಸಿದರೆ ಕದಂಬರ ಬನವಾಸಿ.

ಈ ಮಾದರಿಯಲ್ಲಿ ಗಮನಿಸಬೇಕಾದದ್ದು ಉತ್ತರ ಸಿಕ್ಕ ಕ್ಷಣದಲ್ಲಿ ಬಿಡಿಸುವವನಿಗೆ ಉಂಟಾಗುವ ಖಾತರಿ. ನಾಲ್ಕು ಅಕ್ಷರಗಳು ಕೂಡಿ ಒಂದು ಊರಿನ ಹೆಸರಾದವು, ಆ ಊರು ರಾಜಧಾನಿಯೂ ಆಗಿತ್ತು, ಶೀರ್ಷಿಕೆಯ ಮಾತಿಗೂ ಅದು ಹೊಂದಿತು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಡೆಗಳಿಂದ ಬಂದ ಸಾಕ್ಷ್ಯ ಒಂದೇ ಬಿಂದುವಿನಲ್ಲಿ ಸೇರಿದಾಗ, ಯಾರನ್ನೂ ಕೇಳದೆ, ಮುಂದಿನ ವಾರದ ಸಂಚಿಕೆಗೆ ಕಾಯದೆ, ತನ್ನ ಉತ್ತರ ಸರಿ ಎಂದು ಅವನಿಗೆ ತಿಳಿಯುತ್ತದೆ. ಬಿಡಿಸುವವ ನಾಲ್ಕನೆಯ ಸುಳಿವಿಗೆ ‘ಚೆಲುವು’ ಎಂದು ಬರೆದಿದ್ದರೆ ಅದಕ್ಕೂ ಮೂರೇ ಮನೆ, ಅರ್ಥವೂ ಹೊಂದುತ್ತದೆ. ಆದರೆ ಉಳಿದ ಮೂರು ಪದಗಳು ‘ಬನವಾ’ ಎಂದು ಕೂಗುತ್ತಿರುವಾಗ ಕೊನೆಯದು ‘ಸಿ’ಯನ್ನು ಕೊಡಲೇಬೇಕೆಂದು ಅರಿವಾಗಿ ಅವನು ಹಿಂದಕ್ಕೆ ಹೋಗಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಾನೆ. ವಿಧಿಗೆ ‘ತಲೆಬರಹ’ ಎಂದು ಬರೆದವನಿಗೂ ಅದೇ ‘ಬ’ ಸಿಗುವುದರಿಂದ ಅವನಿಗೂ ಹಾನಿಯಿಲ್ಲ. ಲಕೋಟೆಯ ಸ್ಪರ್ಧೆಯಲ್ಲಿ ಇಂಥ ತಿದ್ದುಪಡಿಗೆ ಅವಕಾಶವೇ ಇಲ್ಲ.

ಇಂಗ್ಲಿಷಿನ ರಚನಾಕ್ರಮವನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ಇಡಲು ಬರುವುದಿಲ್ಲ. ಬಹಳಷ್ಟು ಪ್ರಯತ್ನಗಳು ಸೊರಗುವುದು ಇಲ್ಲೇ. ಇಂಗ್ಲಿಷ್ ಪದಬಂಧದ ಒಂದು ಮನೆಯಲ್ಲಿ ಇರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ಕನ್ನಡ ಪದಬಂಧದ ಮನೆಯಲ್ಲಿ ಕೂರುವುದು ವರ್ಣವಲ್ಲ, ಉಚ್ಚಾರದ ಒಂದು ಪೂರ್ಣ ಘಟಕವಾದ ಅಕ್ಷರ. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದ ಕಾಗುಣಿತವೇ 442 ರೂಪಗಳಾಗುತ್ತದೆ. ಅದರ ಮೇಲೆ ಅನುಸ್ವಾರ, ವಿಸರ್ಗ, ಒತ್ತಕ್ಷರಗಳು ಸೇರಿದರೆ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ‘ಕ’ ಇರುವ ಮನೆಯಲ್ಲಿ ‘ಕಾ’ ಸಲ್ಲದು, ‘ಸ್ತ್ರೀ’ ಎಂಬ ಇಡೀ ಪದಕ್ಕೆ ಒಂದೇ ಮನೆ. ಆದುದರಿಂದ ಅಡ್ಡಪದ ಮತ್ತು ಕೆಳಪದ ಒಂದೇ ಅಕ್ಷರದಲ್ಲಿ ಸಂಧಿಸುವುದು ಕನ್ನಡದಲ್ಲಿ ದುರ್ಲಭ. ಕಪ್ಪು ಚೌಕಗಳನ್ನು ಹೆಚ್ಚಿಸದೆ ರಚನಕಾರನಿಗೆ ಗತಿಯಿಲ್ಲ. ಅಮೆರಿಕದ ಪದಬಂಧದಲ್ಲಿ ಪ್ರತಿಯೊಂದು ಮನೆಯೂ ಎರಡು ಪದಗಳಿಗೆ ಸೇರಿರುತ್ತದೆ, ಆದ್ದರಿಂದ ಒಂದು ಪದ ತಪ್ಪಾದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಕನ್ನಡದಲ್ಲಿ ಒಂದೇ ಪದಕ್ಕೆ ಸೇರಿದ ಒಂಟಿ ಮನೆಗಳು ಬಹಳ, ಆದ್ದರಿಂದ ತಪ್ಪು ಕೊನೆಯವರೆಗೂ ತಪ್ಪಾಗಿಯೇ ಉಳಿದುಬಿಡಬಹುದು. ಚೌಕಟ್ಟು ಮಾಡಲಾಗದ ಈ ತಪಾಸಣೆಯನ್ನು ಕಡೆಯುತ್ತರ ಮಾಡಿಕೊಡುತ್ತದೆ ಎಂಬುದೇ ಕನ್ನಡಕ್ಕೆ ಇದು ಹೆಚ್ಚು ಸಲ್ಲುವ ಕಾರಣ.

ಅಕ್ಷರದ ಗಡಿಗಳು ಅಡಗಿಸುವ ಕಲೆಗೂ ನಿಯಮ ಹಾಕುತ್ತವೆ. ‘ಕಾಲುವೆ’ಯಲ್ಲಿ ‘ಕಾಲು’ ಇದೆ, ‘ಮೂಗುತಿ’ಯಲ್ಲಿ ‘ಮೂಗು’ ಇದೆ, ‘ಅಂಗಡಿ’ಯ ಬಾಲದಲ್ಲಿ ‘ಗಡಿ’ ಇದೆ. ‘ಕತ್ತಲೆ’ಯಲ್ಲಿ ಮಾತ್ರ ‘ತಲೆ’ ಇಲ್ಲ. ಕಿವಿಗೆ ಅದು ಕೇಳಿಸಿದರೂ ಮನೆಯಲ್ಲಿ ಕುಳಿತಿರುವುದು ‘ತ್ತ’. ಹಾಗೆಯೇ, ಪದಗಳ ಮೊದಲ ಅಕ್ಷರಗಳಿಂದ ಹೆಸರು ಕಟ್ಟುವ ಸುಲಭ ದಾರಿ ಎಲ್ಲ ಹೆಸರುಗಳಿಗೂ ಒದಗುವುದಿಲ್ಲ. ಕನ್ನಡದಲ್ಲಿ ‘ಣ’ ಅಥವಾ ‘ಳ’ದಿಂದ ಆರಂಭವಾಗುವ ಬಳಕೆಯ ಪದಗಳಿಲ್ಲ. ‘ಮಸ್ಕಿ’ ಎಂಬ ಎರಡಕ್ಷರದ ಹೆಸರನ್ನೇ ತೆಗೆದುಕೊಂಡರೆ ‘ಸ್ಕಿ’ಯಿಂದ ಶುರುವಾಗುವ ಕನ್ನಡ ಪದ ಎಲ್ಲಿದೆ? ರಚನಕಾರ ಆಗ ದಾರಿ ಬದಲಿಸಿ ನಡುವಿನ ಅಕ್ಷರಕ್ಕೆ ಹೋಗಬೇಕು: ‘ಕಮಲ’ದ ನಡುವೆ ‘ಮ’, ‘ಬಿಸ್ಕಿಟು’ವಿನ ನಡುವೆ ‘ಸ್ಕಿ’. ಬಿಡಿಸುವವರಿಗೂ ಇದೇ ಪಾಠ ಉಪಯೋಗಕ್ಕೆ ಬರುತ್ತದೆ. ಸಹಜವಾಗಿ ಬರಬಹುದಾದ ಪದವನ್ನು ಬಿಟ್ಟು ರಚನಕಾರ ವಿಚಿತ್ರವಾದ ಪದವೊಂದನ್ನು ಬಳಸಿದ್ದಾನೆಂದರೆ ಆ ಪದದೊಳಗೆ ಅವನಿಗೆ ಅನಿವಾರ್ಯವಾದದ್ದು ಏನೋ ಇದೆ. ಉದ್ದನೆಯ ಪದಗಳಿಗೆಲ್ಲ ಸಮಾನವಾದದ್ದು ಏನು ಎಂದು ಹುಡುಕುವುದಕ್ಕೂ ಮೊದಲು ಶೀರ್ಷಿಕೆಯನ್ನು ಎರಡು ಸಲ ಓದಬೇಕು.

ಮಸ್ಕಿಯ ಹೆಸರು ಇಲ್ಲಿ ಬರಿಯ ಉದಾಹರಣೆಗಾಗಿ ಬಂದದ್ದಲ್ಲ. ಕಡೆಯುತ್ತರದ ಖಾತರಿ ಎಂದರೇನು ಎಂಬುದಕ್ಕೆ ಭಾರತದ ಇತಿಹಾಸದಲ್ಲೇ ಅತಿ ದೊಡ್ಡ ನಿದರ್ಶನ ಆ ಊರಿನ ಬಂಡೆಯ ಮೇಲಿದೆ. ದೇಶದ ಹಲವೆಡೆ ಬಂಡೆಗಳ ಮೇಲೂ ಕಂಬಗಳ ಮೇಲೂ ಇದ್ದ ಬ್ರಾಹ್ಮಿ ಲಿಪಿಯ ಬರಹಗಳನ್ನು ಓದಬಲ್ಲವರು ಒಬ್ಬರೂ ಉಳಿದಿರದ ಕಾಲದಲ್ಲಿ, 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಸಣ್ಣ ಸಣ್ಣ ಶಾಸನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬಹುತೇಕ ಎಲ್ಲವೂ ಅವೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಯಾತ್ರಿಕರು ಬಂದು ಹೋಗುವ ಪವಿತ್ರ ಸ್ಥಳದಲ್ಲಿ, ಒಬ್ಬೊಬ್ಬರ ಹೆಸರಿನಂತೆ ತೋರುವ ಬರಹದ ಕೊನೆಯಲ್ಲಿ ಪದೇ ಪದೇ ಬರಬಹುದಾದ ಮಾತು ಯಾವುದು ಎಂದು ಯೋಚಿಸಿದ ಅವರಿಗೆ ಅದು ‘ದಾನಂ’ ಇರಬೇಕೆಂದು ಹೊಳೆಯಿತು. ಹೀಗೆ ದೊರೆತ ‘ದ’ ಮತ್ತು ‘ನ’ಗಳಿಂದ ಉಳಿದ ಅಕ್ಷರಗಳು ಬೇಗನೆ ಬಿಚ್ಚಿಕೊಂಡವು. ಪದಬಂಧ ಬಿಡಿಸುವವರು ದಿನವೂ ಮಾಡುವ ಕೆಲಸ ಇದೇ: ಸಂದರ್ಭದಿಂದ ಒಂದು ಪದ, ಆ ಪದದಿಂದ ಅಕ್ಷರ, ಆ ಅಕ್ಷರದಿಂದ ಪಕ್ಕದ ಪದ.

ಮನೆಗಳೆಲ್ಲ ತುಂಬಿದವು, ಕಡೆಯುತ್ತರ ಮಾತ್ರ ಸಿಗಲಿಲ್ಲ. ಶಾಸನಗಳನ್ನು ಬರೆಸಿದ ರಾಜ ತನ್ನನ್ನು ‘ದೇವಾನಂಪಿಯ’ ಎಂದೂ ‘ಪಿಯದಸಿ’ ಎಂದೂ ಕರೆದುಕೊಂಡಿದ್ದ. ಅಂದರೆ ದೇವರುಗಳಿಗೆ ಪ್ರಿಯನಾದವನು, ಪ್ರೀತಿಯಿಂದ ಕಾಣುವವನು. ಎರಡೂ ಬಿರುದುಗಳು, ಹೆಸರು ಯಾವುದೆಂದು ತಿಳಿಯದು. ಪ್ರಿನ್ಸೆಪ್ ಮೊದಲು ಸಿಂಹಳದ ದೇವಾನಂಪಿಯ ತಿಸ್ಸನೆಂಬ ರಾಜನನ್ನು ಊಹಿಸಿದ್ದು, ‘ಮೈಸಿರಿ’ಯ ಜಾಗದಲ್ಲಿ ‘ಚೆಲುವು’ ಬರೆದಂತೆ, ಮನೆಗೆ ಹೊಂದುವ ತಪ್ಪು ಪದವಾಗಿತ್ತು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ‘ದೀಪವಂಸ’ ಎಂಬ ಪಾಲಿ ಗ್ರಂಥದ ಆಧಾರದಿಂದ ಪಿಯದಸಿ ಎಂದರೆ ಮೌರ್ಯ ಚಕ್ರವರ್ತಿ ಅಶೋಕ ಎಂದು ತೋರಿಸಿದರು. ವಾದ ಬಲವಾಗಿತ್ತು, ವಿದ್ವಾಂಸರು ಒಪ್ಪಿದರು. ಆದರೂ ಸಾಕ್ಷ್ಯ ಸಮುದ್ರದಾಚೆಯ ಗ್ರಂಥದ್ದು, ಬಂಡೆಯ ಮೇಲೆ ಆ ಹೆಸರು ಎಲ್ಲೂ ಇರಲಿಲ್ಲ.

1915ರ ಜನವರಿ 27ರಂದು, ನಿಜಾಮ್ ಸರ್ಕಾರದ ಸೇವೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ದುರ್ಗದ ಗುಡ್ಡದಲ್ಲಿ ಒಂದು ಬಂಡೆಬರಹವನ್ನು ಕಂಡರು. ಹಟ್ಟಿಯ ಚಿನ್ನದ ಗಣಿಗಳು ಇರುವ ಸೀಮೆಯದು. ಅವರು ಹುಡುಕಿ ಬಂದದ್ದು ಲೋಹವನ್ನು. ಎಂಟು ಸಾಲುಗಳ ಆ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲಿಕೆಯ ಮೊದಲ ಸಂಪುಟವಾಗಿ ಪ್ರಕಟಿಸಿದರು. ಅದರ ಆರಂಭದಲ್ಲಿದ್ದ ಮಾತು ‘ದೇವಾನಂಪಿಯಸ ಅಸೋಕಸ’, ಅಂದರೆ ‘ದೇವಾನಂಪಿಯನಾದ ಅಶೋಕನ’. ಟರ್ನರ್ ಅವರ ಉತ್ತರ ಪ್ರಕಟವಾಗಿ 78 ವರ್ಷಗಳಾಗಿದ್ದವು. ನಂತರದ ದಶಕಗಳಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉಡೇಗೊಳಂಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ದೊರೆತವು. ಗುಜರ್ರಾದ ಪಾಠದಲ್ಲಿ ದೇವಾನಂಪಿಯ, ಪಿಯದಸಿ, ಅಶೋಕ ಎಂಬ ಮೂರೂ ಒಟ್ಟಿಗೆ ಇವೆ. ಆದರೆ ಮೊದಲ ಖಾತರಿ ಮಸ್ಕಿಯದೇ.

ಅಶೋಕನ ಶಾಸನಗಳಲ್ಲಿ ಉದ್ದೇಶಪೂರ್ವಕವಾಗಿಯೇ ಇಟ್ಟಂತೆ ಕಾಣುವ ಇನ್ನೊಂದು ಮರೆಯ ಗುರುತು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳಲ್ಲಿದೆ. ಇಡೀ ಪಾಠ ಎಡದಿಂದ ಬಲಕ್ಕೆ ಬರೆಯುವ ಬ್ರಾಹ್ಮಿಯಲ್ಲಿದ್ದರೂ, ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದು ಮುಗಿಸುವಾಗ ‘ಲಿಪಿಕಾರನಿಂದ’ ಎಂಬರ್ಥದ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಸಾವಿರಕ್ಕೂ ಹೆಚ್ಚು ಮೈಲಿ ದಕ್ಷಿಣದಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ, ಓದುವ ದಿಕ್ಕು ಬದಲಿಸಿದವರಿಗೆ ಮಾತ್ರ ಸಿಗುವ ಒಂದು ಪದವನ್ನು ಅವನು ಬಿಟ್ಟುಹೋದ. ಅದು ಓದುಗನ ಮೇಲೆ ಇಟ್ಟ ನಂಬಿಕೆ; ಒಳ್ಳೆಯ ರಚನಕಾರನಲ್ಲಿ ಇಂದಿಗೂ ಬೇಕಾದ ಗುಣ ಅದೇ.

ಕನ್ನಡದ ದಿನಪತ್ರಿಕೆ ಮತ್ತು ವಾರಪತ್ರಿಕೆಗಳು ಪದಬಂಧಕ್ಕೆ ಜಾಗ ಕೊಡುತ್ತ ಬಂದಿವೆ. ಅವುಗಳನ್ನು ತಪ್ಪದೆ ಬಿಡಿಸುವ ಓದುಗರು ಹಳ್ಳಿಗಳಲ್ಲೂ ಇದ್ದಾರೆ. ಆ ಓದುಗರ ಶಬ್ದಸಂಪತ್ತನ್ನು ಪರೀಕ್ಷಿಸಿದ್ದಾಯಿತು. ಅವರ ತರ್ಕಶಕ್ತಿಗೂ ಕೆಲಸ ಕೊಡುವ ಕಾಲ ಬಂದಿದೆ. ವಾರಕ್ಕೊಂದು ಪದಬಂಧದ ಕೆಳಗೆ ಕಡೆಯುತ್ತರವನ್ನು ಕೇಳುವ ಒಂದು ಸಾಲನ್ನು ಸೇರಿಸಲು ಸಂಪಾದಕರು ಮುಂದಾಗಬೇಕು. ಬಹುಮಾನ ಒಂದು ಪುಸ್ತಕವಾದರೂ ಸಾಕು, ಪ್ರವೇಶಧನ ಬೇಡ. ಮುಂದಿನ ವಾರ ಉತ್ತರ ಪ್ರಕಟಿಸುವಾಗ ಪದಗಳ ಪಟ್ಟಿಯನ್ನಷ್ಟೇ ಅಚ್ಚು ಹಾಕಿ ಸುಮ್ಮನಾಗದೆ, ಚೌಕಟ್ಟಿನೊಳಗೆ ಆ ಉತ್ತರಕ್ಕೆ ಹೋಗುವ ದಾರಿ ಯಾವುದಾಗಿತ್ತು ಎಂಬುದನ್ನು ಹಂತಹಂತವಾಗಿ ವಿವರಿಸಬೇಕು. ಸೋತ ಓದುಗನೂ ಆ ದಾರಿಯಲ್ಲಿ ನಡೆದು ಅದೇ ಪದಕ್ಕೆ ತಲುಪುವಂತಿರಬೇಕು.